ಬೆಳಕಿಗಾಗಿ ಕಟ್ಟಿದ ಆಫೀಸು: ಲಿವರ್‌ಪೂಲ್‌ನ ಓರಿಯಲ್ ಚೇಂಬರ್ಸ್

ಹತ್ತಿ ವ್ಯಾಪಾರ ಗೊತ್ತಿರುವವರು ಅರಳೆಯನ್ನು ಹೇಗೆ ನೋಡುತ್ತಾರೆ ಅಂತ ಗಮನಿಸಿದ್ದೀರಾ? ಒಂದು ಹಿಡಿ ಅರಳೆ ತೆಗೆದುಕೊಂಡು, ಎರಡೂ ಹೆಬ್ಬೆರಳುಗಳ ಕೆಳಗೆ ಒತ್ತಿ ಹಿಡಿದು, ಮೆಲ್ಲಗೆ ಎಳೆಯುತ್ತಾರೆ. ಎರಡು ತುಂಡಾದದ್ದನ್ನು ಮತ್ತೆ ಒಂದರ ಮೇಲೊಂದು ಇಟ್ಟು ಮತ್ತೆ ಎಳೆಯುತ್ತಾರೆ. ನಾಲ್ಕಾರು ಸಲ ಹೀಗೆ ಮಾಡಿದ ಮೇಲೆ ಎಳೆಗಳೆಲ್ಲ ಬಾಚಿದ ಕೂದಲಿನ ಹಾಗೆ ಒಂದೇ ಕಡೆಗೆ ಸಾಲಾಗುತ್ತವೆ. ಎಳೆ ಎಷ್ಟು ಉದ್ದ, ಬಣ್ಣ ಎಂಥದ್ದು, ಕಸ ಎಷ್ಟಿದೆ, ಎಲ್ಲ ಕಣ್ಣಿಗೇ ಗೊತ್ತಾಗುತ್ತದೆ. ಆದರೆ ಇದಕ್ಕೆ ಹಗಲಿನ ಬೆಳಕು ಬೇಕು. ದೀಪದ ಹಳದಿ ಬೆಳಕಿನಲ್ಲಿ ಅಚ್ಚ ಬಿಳಿ ಹತ್ತಿಗೂ ಕೆನೆ ಬಣ್ಣದ ಹತ್ತಿಗೂ ವ್ಯತ್ಯಾಸ ತಿಳಿಯುವುದಿಲ್ಲ. ತಪ್ಪು ಗುರುತಿಸಿದರೆ ಅಂಡಿಗೆಗಟ್ಟಲೆ ಸರಕಿನಲ್ಲಿ ನಷ್ಟ.

ಇಷ್ಟು ಸಣ್ಣ ವಿಷಯದಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ, ವಾಟರ್ ಸ್ಟ್ರೀಟ್ ಅನ್ನುವ ಬೀದಿಯಲ್ಲಿ, 1864ರಲ್ಲಿ ಕಟ್ಟಿದ ಒಂದು ಆಫೀಸು ಕಟ್ಟಡ ಇದೆ. ಹೆಸರು ಓರಿಯಲ್ ಚೇಂಬರ್ಸ್. ಅದರ ವಾಸ್ತುಶಿಲ್ಪಿ ಪೀಟರ್ ಎಲ್ಲಿಸ್. ಈ ಕಟ್ಟಡದ ಬಗ್ಗೆ ಬರೆದವರಲ್ಲಿ ಬಹಳ ಜನ ಅದನ್ನು ಕಾಲಕ್ಕಿಂತ ಮುಂದಿದ್ದ ಕಟ್ಟಡ ಅಂತ ಹೊಗಳುತ್ತಾರೆ. ಇವತ್ತು ಬೆಂಗಳೂರಿನ ಔಟರ್ ರಿಂಗ್ ರೋಡಿನ ಉದ್ದಕ್ಕೂ ನಿಂತಿರುವ ಗಾಜಿನ ಕಟ್ಟಡಗಳ ಮುತ್ತಜ್ಜ ಅಂದರೂ ತಪ್ಪಿಲ್ಲ. ನನಗೆ ಮಾತ್ರ ಆ ಹೊಗಳಿಕೆ ಪೂರ್ತಿ ಒಪ್ಪಿಗೆ ಇಲ್ಲ. ಎಲ್ಲಿಸ್ ಮುಂದೆ ಬರುವುದನ್ನು ಕಂಡು ಕಟ್ಟಲಿಲ್ಲ. ಅವರ ಊರಿಗೆ, ಅವರ ಕಾಲಕ್ಕೆ, ಆ ಕಟ್ಟಡಕ್ಕೆ ಬಾಡಿಗೆಗೆ ಬರುವವರಿಗೆ ಏನು ಬೇಕಿತ್ತೋ ಅದನ್ನು ಕಟ್ಟಿದರು. ಬೇಕಿದ್ದದ್ದು ಬೆಳಕು. ಇದೊಂದನ್ನು ನೆನಪಲ್ಲಿಟ್ಟುಕೊಂಡರೆ ಕಟ್ಟಡದ ಬಹುಪಾಲು ಸುಲಭವಾಗಿ ಅರ್ಥವಾಗುತ್ತದೆ.

ಮೊದಲು ಊರಿನ ವಿಷಯ. ಮರ್ಸಿ ನದಿಯ ದಡದ ಲಿವರ್‌ಪೂಲ್ ಆಗ ಹತ್ತಿ ವ್ಯಾಪಾರದ ದೊಡ್ಡ ಕೇಂದ್ರ. ಅಮೆರಿಕದ ಹತ್ತಿ ಅಲ್ಲಿ ಇಳಿದು ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳಿಗೆ ಹೋಗುತ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಗಿರಣಿಗಳವರು ಭಾರತದ ಕಡೆ ತಿರುಗಿದರು. ನಮ್ಮ ಧಾರವಾಡದ ಹೆಸರು ಲಿವರ್‌ಪೂಲ್ ದಲಾಲರ ಬಾಯಲ್ಲಿ ಓಡಾಡಿದ ಕಾಲ ಅದು. 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಬಿತ್ತಿಸಿದ್ದರು. ಆ ಹತ್ತಿಗೆ ವ್ಯಾಪಾರದಲ್ಲಿ ಧಾರವಾಡ ಹತ್ತಿ ಅಂತಲೇ ಹೆಸರಾಯಿತು. ಅದೇ ಸೀಮೆಯ ದೇಸಿ ಹತ್ತಿಗೆ ಕುಮಟಾ ಹತ್ತಿ ಅಂತ ಹೆಸರು, ಯಾಕೆಂದರೆ ಗಾಡಿಗಳಲ್ಲಿ, ಎತ್ತುಗಳ ಬೆನ್ನ ಮೇಲೆ ಘಟ್ಟ ಇಳಿದು ಅದು ಸಮುದ್ರ ಸೇರುತ್ತಿದ್ದದ್ದು ಕುಮಟಾ ಬಂದರಿನಲ್ಲಿ. ಅಲ್ಲಿಂದ ಮುಂಬೈ. ಮುಂಬೈಯಿಂದ ಆಫ್ರಿಕಾದ ತುದಿ ಸುತ್ತಿ ಇಂಗ್ಲೆಂಡು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಹಾಗಾಗಿ ಆಗಿನ್ನೂ ಅಡ್ಡದಾರಿ ಇರಲಿಲ್ಲ.

ಹತ್ತಿಯ ಸೌದಾ ಟೌನ್ ಹಾಲ್ ಹಿಂದಿನ, ಚಪ್ಪಡಿ ಹಾಸಿದ ಬಯಲಿನಲ್ಲಿ ನಡೆಯುತ್ತಿತ್ತು. ಆ ಜಾಗಕ್ಕೆ ಎಕ್ಸ್‌ಚೇಂಜ್ ಫ್ಲ್ಯಾಗ್ಸ್ ಅಂತ ಹೆಸರು. ವಾಟರ್ ಸ್ಟ್ರೀಟ್ ಟೌನ್ ಹಾಲ್ ಮುಂದಿನಿಂದ ಹೊರಟು ನದಿಗೆ ಇಳಿಯುತ್ತದೆ. ಅಂದರೆ ವ್ಯಾಪಾರ ಕುದುರುವ ಜಾಗಕ್ಕೂ ಹಡಗು ನಿಲ್ಲುವ ಜಾಗಕ್ಕೂ ನಡುವಿನ ಬೀದಿ. ಅಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕರೆ ದಲಾಲರಿಗೆ, ಹಡಗು ಕಂಪನಿಯವರಿಗೆ ದೊಡ್ಡ ಅನುಕೂಲ. ಇದೇ ಬೀದಿಯಲ್ಲಿ ಇಂಡಿಯಾ ಬಿಲ್ಡಿಂಗ್ಸ್ ಅನ್ನುವ ಕಟ್ಟಡವೂ ಇದೆ. ಈಗಿರುವುದು 1920-30ರ ದಶಕದ್ದು, ಆದರೆ ಹೆಸರು ಮಾತ್ರ ಅಲ್ಲಿ ಮೊದಲಿದ್ದ 1830ರ ದಶಕದ ಕಟ್ಟಡದ್ದು. ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯ ಮುಗಿದು ವ್ಯಾಪಾರ ಎಲ್ಲರಿಗೂ ತೆರೆದುಕೊಂಡ ಸಂತೋಷಕ್ಕೆ ಇಟ್ಟ ಹೆಸರು ಅದು.

ಈಗ ಬೆಳಕಿನ ಬರದ ಕಥೆ. ಲಿವರ್‌ಪೂಲ್ ಇರುವುದು 53 ಡಿಗ್ರಿ ಉತ್ತರಕ್ಕೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ವರ್ಷದ ಬಹುಪಾಲು ಮೋಡ. ಸಾಲದ್ದಕ್ಕೆ ಆಗ ಮನೆಮನೆಯಲ್ಲೂ ಕಲ್ಲಿದ್ದಲು ಉರಿಸುತ್ತಿದ್ದರು, ಆಕಾಶವೆಲ್ಲ ಹೊಗೆ, ಮಸಿ. ಎದುರುಬದುರು ನಾಲ್ಕೈದು ಅಂತಸ್ತಿನ ಕಲ್ಲಿನ ಕಟ್ಟಡಗಳು. ವಿದ್ಯುತ್ ಬಲ್ಬು ಬಂದದ್ದು 1870ರ ದಶಕದ ಕೊನೆಗೆ. ಅಲ್ಲಿಯವರೆಗೆ ಗ್ಯಾಸ್ ದೀಪವೇ ಗತಿ. ಅದರಿಂದ ಕೋಣೆ ಕಾಯುತ್ತೆ, ಗಾಳಿ ಕೆಡುತ್ತೆ, ಕಣ್ಣು ಉರಿಯುತ್ತೆ. ಗುಮಾಸ್ತರು ದಿನವಿಡೀ ಲೆಕ್ಕದ ಪುಸ್ತಕದಲ್ಲಿ ಸಣ್ಣ ಅಕ್ಷರ ಬರೆಯಬೇಕಿತ್ತು. ಕಿಟಕಿಯ ಪಕ್ಕದ ಮೇಜಿಗೆ ಎಂಥ ಬೆಲೆ ಇದ್ದಿರಬೇಕು, ಅಲ್ವಾ? ಆಫೀಸು ಕಟ್ಟಿ ಬಾಡಿಗೆಗೆ ಕೊಡುವವರಿಗೆ ಇದು ನೇರ ದುಡ್ಡಿನ ಲೆಕ್ಕ. ಕೋಣೆಯೊಳಗೆ ಬೆಳಕು ಎಷ್ಟು ದೂರ ಹೋಗುತ್ತದೋ ಅಷ್ಟು ಜಾಗಕ್ಕೆ ಒಳ್ಳೆಯ ಬಾಡಿಗೆ.

ಅದೃಷ್ಟಕ್ಕೆ ಗಾಜು ಆಗಷ್ಟೇ ಅಗ್ಗವಾಗಿತ್ತು. ಇಂಗ್ಲೆಂಡಿನಲ್ಲಿ ಗಾಜಿನ ಮೇಲೆ ಸುಂಕ ಇತ್ತು, 1845ರಲ್ಲಿ ತೆಗೆದರು. ಮನೆಗೆ ಎಷ್ಟು ಕಿಟಕಿ ಇದೆ ಅಂತ ಎಣಿಸಿ ಹಾಕುವ ತೆರಿಗೆಯೂ ಇತ್ತು! 1696ರಲ್ಲಿ ಶುರುವಾದ ಆ ಕಿಟಕಿ ತೆರಿಗೆಯನ್ನು 1851ರಲ್ಲಿ ರದ್ದು ಮಾಡಿದರು. ತೆರಿಗೆ ಉಳಿಸಲು ಇಟ್ಟಿಗೆಯಿಂದ ಮುಚ್ಚಿಸಿದ ಕಿಟಕಿಗಳು ಆ ದೇಶದ ಹಳೆ ಮನೆಗಳಲ್ಲಿ ಇವತ್ತಿಗೂ ಕಾಣುತ್ತವೆ. ಆಮೇಲೆ, ದೊಡ್ಡ ದೊಡ್ಡ ಗಾಜಿನ ಹಲಗೆ ಮಾಡುವ ಸೇಂಟ್ ಹೆಲೆನ್ಸ್ ಊರು ಲಿವರ್‌ಪೂಲ್‌ಗೆ ತೀರಾ ಹತ್ತಿರ, ಸುಮಾರು 20 ಕಿಲೋಮೀಟರ್ ಅಷ್ಟೇ.

ಗಾಜು ಸಿಕ್ಕಿತು. ಆದರೆ ಅದನ್ನು ಎಲ್ಲಿ ಕೂರಿಸುವುದು? ಕಷ್ಟ ಇದ್ದದ್ದು ಇಲ್ಲಿ. ಕಲ್ಲು ಇಟ್ಟಿಗೆಯ ಕಟ್ಟಡದಲ್ಲಿ ಗೋಡೆಯೇ ಭಾರ ಹೊರುತ್ತದೆ. ಮೇಲಿನ ಅಂತಸ್ತುಗಳ ಭಾರವೆಲ್ಲ ಗೋಡೆಯಲ್ಲೇ ಇಳಿದು ಪಾಯಕ್ಕೆ ಹೋಗಬೇಕು. ಅಂತಸ್ತು ಜಾಸ್ತಿಯಾದಷ್ಟೂ ಕೆಳಗಿನ ಗೋಡೆ ದಪ್ಪ. ಅದರಲ್ಲಿ ಕಿಟಕಿ ಕೊರೆದಷ್ಟೂ ಗೋಡೆಯ ಬಲ ಕಡಿಮೆ. ದಪ್ಪ ಗೋಡೆಯ ಕಿಟಕಿಯಲ್ಲಿ ಇನ್ನೊಂದು ತೊಂದರೆ ಇದೆ. ಗಾಜು ಹಳ್ಳದಲ್ಲಿ ಕೂತ ಹಾಗೆ ಇರುತ್ತದೆ, ಬದಿಯಿಂದ ಬರುವ ಬೆಳಕನ್ನು ಗೋಡೆಯ ದಪ್ಪವೇ ತಿಂದುಹಾಕುತ್ತದೆ.

ನಮ್ಮ ಊರುಗಳಲ್ಲಿ ಈಗ ಮನೆ ಕಟ್ಟುವುದನ್ನು ನೋಡಿ. ಮೊದಲು ಪಿಲ್ಲರ್ ಎಬ್ಬಿಸುತ್ತಾರೆ, ಬೀಮ್ ಕಟ್ಟುತ್ತಾರೆ, ಮೋಲ್ಡ್ ಹಾಕುತ್ತಾರೆ. ಎರಡು ಮೂರು ಅಂತಸ್ತು ಬರೀ ಅಸ್ಥಿಪಂಜರದ ಹಾಗೆ ನಿಂತ ಮೇಲೆ ಇಟ್ಟಿಗೆ ಗೋಡೆ. ಆ ಗೋಡೆ ಮೇಲಿನದ್ದೇನನ್ನೂ ಹೊರುವುದಿಲ್ಲ, ಒಡೆದು ತೆಗೆದರೂ ಮನೆ ನಿಲ್ಲುತ್ತದೆ. ಮಲೆನಾಡಿನ ಹಳೆ ಮನೆಗಳ ಕಂಬ ತೊಲೆಗಳ ಕೆಲಸವೂ ಸುಮಾರು ಇದೇ. ಎಲ್ಲಿಸ್ ಮಾಡಿದ್ದೂ ಇದನ್ನೇ, ಆದರೆ ಕಾಂಕ್ರೀಟು, ಮರ ಎರಡೂ ಅಲ್ಲ. ಅವರ ಅಸ್ಥಿಪಂಜರ ಬೀಡುಕಬ್ಬಿಣದ್ದು.

ಬೀಡಿನ ಸ್ವಭಾವ ತಿಳಿದರೆ ಒಳಗಿನ ರಚನೆ ಅರ್ಥವಾಗುತ್ತದೆ. ಕರಗಿಸಿ ಅಚ್ಚಿಗೆ ಹೊಯ್ದ ಈ ಕಬ್ಬಿಣವನ್ನು ಎಷ್ಟು ಒತ್ತಿದರೂ ತಡೆಯುತ್ತದೆ, ಎಳೆದರೆ ಮಾತ್ರ ಫಟ್ ಅಂತ ಮುರಿಯುತ್ತದೆ. ಕಂಬಕ್ಕೆ ಬರುವುದು ಒತ್ತಡ, ಹಾಗಾಗಿ ಕಂಬಕ್ಕೆ ಬೀಡು ಒಳ್ಳೆಯದು, ತೆಳ್ಳಗಿದ್ದರೂ ನಡೆಯುತ್ತದೆ. ತೊಲೆಯ ವಿಷಯ ಬೇರೆ. ತೊಲೆಯ ಮೇಲೆ ಭಾರ ಬಿದ್ದು ಅದು ಸ್ವಲ್ಪ ಜಗ್ಗಿದಾಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆತಕ್ಕೆ ಸಿಗುತ್ತದೆ. ಬೀಡಿನ ಬಲಹೀನತೆ ಇರುವುದೇ ಎಳೆತದಲ್ಲಿ. ಅದಕ್ಕೆ ಆ ಕಾಲದ ಎಂಜಿನಿಯರುಗಳು ತೊಲೆಯ ಕೆಳಗೆ ಜಾಸ್ತಿ ಕಬ್ಬಿಣ ಇಡುತ್ತಿದ್ದರು. ಅಡ್ಡ ಕತ್ತರಿಸಿ ನೋಡಿದರೆ ತಲೆಕೆಳಗಾದ ಇಂಗ್ಲಿಷಿನ ಟಿ ಅಕ್ಷರದ ಹಾಗೆ. ಈ ಆಕಾರದಿಂದ ಇನ್ನೊಂದು ಲಾಭ. ಕೆಳಗೆ ಎರಡೂ ಕಡೆ ಚಾಚಿಕೊಂಡ ಅಂಚು ಇರುತ್ತಲ್ಲ, ಅದರ ಮೇಲೆ ಇಟ್ಟಿಗೆ ಕೂರಿಸಿ, ಒಂದು ತೊಲೆಯಿಂದ ಪಕ್ಕದ ತೊಲೆಗೆ ಸಣ್ಣ ಕಮಾನು ಕಟ್ಟಬಹುದು. ಕಮಾನಿನ ಮೇಲೆ ಮಟ್ಟಸ ಮಾಡಿದರೆ ನೆಲ ಸಿದ್ಧ. ನಮ್ಮಲ್ಲೂ ಬ್ರಿಟಿಷರ ಕಾಲದ ರೈಲ್ವೆ ಕಟ್ಟಡಗಳಲ್ಲಿ, ಗೋದಾಮುಗಳಲ್ಲಿ ತಲೆಯೆತ್ತಿ ನೋಡಿದರೆ ಸೂರಿನಲ್ಲಿ ಅಲೆ ಅಲೆಯಾಗಿ ಇಟ್ಟಿಗೆ ಕಮಾನು, ನಡುನಡುವೆ ಕಬ್ಬಿಣದ ಗರ್ಡರು ಕಾಣುತ್ತದೆ. ಅದೇ ಬಗೆ. ಮರ ಇಲ್ಲ, ಆದ್ದರಿಂದ ಬೆಂಕಿಯ ಭಯ ಕಡಿಮೆ.

ಇದು ಎಲ್ಲಿಸ್ ಕಂಡುಹಿಡಿದ ವಿದ್ಯೆ ಅಲ್ಲ. ಗಿರಣಿಗಳಿಗೆ ಬೆಂಕಿ ಬಿದ್ದು ಬಿದ್ದು ಸಾಕಾಗಿ, 1797ರಲ್ಲೇ ಶ್ರೂಸ್‌ಬರಿಯಲ್ಲಿ ಚಾರ್ಲ್ಸ್ ಬೇಜ್ ಅನ್ನುವವರು ಕಬ್ಬಿಣದ ಕಂಬ ತೊಲೆಗಳ ನಾರಿನ ಗಿರಣಿ ಕಟ್ಟಿದ್ದರು. ಲಿವರ್‌ಪೂಲ್‌ನಲ್ಲೇ 1814ರ ಹೊತ್ತಿಗೆ ಒಳಗೆಲ್ಲ ಬೀಡುಕಬ್ಬಿಣ ಇರುವ ಸೇಂಟ್ ಜಾರ್ಜ್ ಚರ್ಚು ಎದ್ದಿತ್ತು. 1846ರ ಆಲ್ಬರ್ಟ್ ಡಾಕ್ ಗೋದಾಮುಗಳಲ್ಲಿ ಕಬ್ಬಿಣ, ಇಟ್ಟಿಗೆ, ಕಲ್ಲು ಬಿಟ್ಟರೆ ಮರದ ರಚನೆಯೇ ಇಲ್ಲ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ 1851ರಲ್ಲಿ ಸುಮಾರು 3 ಲಕ್ಷ ಗಾಜಿನ ಹಲಗೆಗಳಿಂದ ನಿಂತಿತ್ತು, ಆದರೆ ಅದು ಪ್ರದರ್ಶನಕ್ಕೆ ಎತ್ತಿದ ದೊಡ್ಡ ಚಪ್ಪರ. ಗಿರಣಿ, ಗೋದಾಮಿನಲ್ಲಿ ಕಬ್ಬಿಣ ಒಳಗೆ ಅಡಗಿತ್ತು, ಹೊರಗೆ ದಪ್ಪ ಗೋಡೆ ಹಾಗೇ ಉಳಿದಿತ್ತು. ದಿನಾ ಕೂತು ಕೆಲಸ ಮಾಡುವ ಅಂತಸ್ತಿನ ಆಫೀಸಿನಲ್ಲಿ, ಆ ಹೊರಗೋಡೆಯನ್ನೇ ಕೈಬಿಟ್ಟು ಅದರ ಜಾಗಕ್ಕೆ ಗಾಜು ತಂದದ್ದು ಎಲ್ಲಿಸ್.

ಬೀದಿಯಲ್ಲಿ ನಿಂತು ನೋಡಿದರೆ ಮೊದಲು ಕಾಣುವುದು ಕಲ್ಲು. ತೆಳ್ಳಗಿನ ಕಲ್ಲಿನ ಕಂಬಗಳು ಕೆಳಗಿನಿಂದ ಮೇಲಿನವರೆಗೆ ಒಂದೇ ಏರಿಗೆ ಹೋಗುತ್ತವೆ. ಅವುಗಳ ಮೇಲೆ ಮೊಳೆಯ ತಲೆಗಳನ್ನು ಸಾಲಾಗಿ ಹೊಡೆದ ಹಾಗೆ ಸಣ್ಣ ಕೆತ್ತನೆ. ಪ್ರತಿ ಎರಡು ಕಂಬಗಳ ನಡುವೆ, ಅಂತಸ್ತಿಗೊಂದರಂತೆ, ಗಾಜಿನ ಕಿಟಕಿ ಬೀದಿಯ ಕಡೆಗೆ ಉಬ್ಬಿಕೊಂಡಿದೆ. ಹೀಗೆ ನೆಲಕ್ಕೆ ತಾಗದೆ, ಮೇಲಿನ ಅಂತಸ್ತಿನಲ್ಲಿ ಹೊರಚಾಚಿ ನಿಲ್ಲುವ ಕಿಟಕಿಗೆ ಇಂಗ್ಲಿಷಿನಲ್ಲಿ ಓರಿಯಲ್ ಅನ್ನುತ್ತಾರೆ. ಕಟ್ಟಡದ ಹೆಸರು ಬಂದದ್ದು ಹೀಗೆ. ಮುಂದೆ ಗಾಜು, ಎರಡೂ ಬದಿಗೆ ಗಾಜು, ಮೇಲೆ ಇಳಿಜಾರಾಗಿಯೂ ಗಾಜು. ಹಿಡಿದಿರುವ ಕಬ್ಬಿಣದ ಚೌಕಟ್ಟು ಎಷ್ಟು ತೆಳು ಅಂದರೆ ಬೀದಿಯಿಂದ ಅದು ಬರೀ ಗೆರೆಯ ಹಾಗೆ ಕಾಣುತ್ತದೆ.

ಹೀಗೆ ಉಬ್ಬಿಸಿದ್ದು ಚೆಂದಕ್ಕಲ್ಲ. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಕಿಟಕಿಯಿಂದ ಎರಡು ಹೆಜ್ಜೆ ಹಿಂದೆ ನಿಂತು ಆಕಾಶ ಎಷ್ಟು ಕಾಣುತ್ತೆ ನೋಡಿ. ಪಕ್ಕದಲ್ಲಿ ಮನೆಗಳು ಒತ್ತಾಗಿದ್ದರೆ ಒಂದು ಪಟ್ಟಿಯಷ್ಟೇ. ಈಗ ಕಿಟಕಿಯ ಹತ್ತಿರ ಬಂದು, ತಲೆ ಹೊರಗೆ ಹಾಕಿ ಮೇಲೆ ನೋಡಿ. ಆಕಾಶ ಎಷ್ಟೋ ಪಾಲು ಜಾಸ್ತಿ ಕಾಣುತ್ತದೆ. ಓರಿಯಲ್ ಕಿಟಕಿ ಅಂದರೆ ಕಟ್ಟಡವೇ ಹೀಗೆ ತಲೆ ಹೊರಗೆ ಹಾಕಿದ ಹಾಗೆ. ಮೇಲಿನ ಇಳಿಜಾರು ಗಾಜಿಗೆ ಇನ್ನೂ ಒಳ್ಳೆಯ ಕಾರಣ ಇದೆ. ಪೂರ್ತಿ ಮೋಡ ಕವಿದ ದಿನ ಆಕಾಶದ ಹೊಳಪು ಎಲ್ಲ ಕಡೆ ಒಂದೇ ಇರುವುದಿಲ್ಲ. ನೆತ್ತಿಯ ಮೇಲಿನ ಭಾಗ ದಿಗಂತದ ಹತ್ತಿರದ ಭಾಗಕ್ಕಿಂತ ಸುಮಾರು 3 ಪಟ್ಟು ಹೊಳೆಯುತ್ತದೆ. ಲಿವರ್‌ಪೂಲ್‌ನಂಥ ಮೋಡದ ಊರಿನಲ್ಲಿ ನೆತ್ತಿಯ ಬೆಳಕನ್ನು ಹಿಡಿದು ಒಳಗೆ ತರುವ ಗಾಜು, ನೇರ ನಿಂತ ಅಷ್ಟೇ ದೊಡ್ಡ ಗಾಜಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಬೀದಿಯ ಕಡೆ ಕಲ್ಲಿನ ಅಲಂಕಾರ ಇದೆ, ಗೋಥಿಕ್ ಚರ್ಚಿನ ನೆರಳಿದೆ. ಮೇಲ್ಗಡೆ ಮೊನಚು ಶಿಖರಗಳೂ ಇವೆ. ಹಿಂದಿನ ಒಳಅಂಗಳಕ್ಕೆ ಹೋದರೆ ಅದೆಲ್ಲ ಮಾಯ. ಅಲ್ಲಿ ಯಾರಿಗೂ ಏನನ್ನೂ ತೋರಿಸಬೇಕಾಗಿರಲಿಲ್ಲ, ಇಕ್ಕಟ್ಟಾದ ಅಂಗಳದಿಂದ ಬೆಳಕು ಎಳೆದುಕೊಂಡರೆ ಸಾಕಿತ್ತು. ಎಲ್ಲಿಸ್ ಅಲ್ಲಿ ಕಬ್ಬಿಣದ ಕಂಬಗಳನ್ನು ಒಳಗೆ ಬಿಟ್ಟು, ಗಾಜನ್ನು ಅವುಗಳಿಂದಾಚೆ ಹೊರಗೆ ತಂದರು. ಗಾಜಿನ ಪಟ್ಟಿಗಳು ಅಂತಸ್ತಿನ ಮೇಲೆ ಅಂತಸ್ತಾಗಿ, ಕಂಬಗಳ ಅಡ್ಡಿಯಿಲ್ಲದೆ, ಅಂಗಳದ ಉದ್ದಕ್ಕೂ ಹರಿಯುತ್ತವೆ. ಪ್ರತಿ ಪಟ್ಟಿಯ ಭಾರವನ್ನು ಆಯಾ ಅಂತಸ್ತಿನ ನೆಲವೇ ಹೊತ್ತಿದೆ. ಗೋಡೆ ಈಗ ಗೋಡೆಯಲ್ಲ, ತೂಗುಹಾಕಿದ ಪರದೆ. ಇಂಥದ್ದಕ್ಕೆ ಮುಂದೆ ಇಂಗ್ಲಿಷಿನಲ್ಲಿ ಕರ್ಟನ್ ವಾಲ್ ಅಂತ ಹೆಸರಾಯಿತು. ಕಬ್ಬಿಣದ ಚೌಕಟ್ಟಿಗೆ ಗಾಜಿನ ಪರದೆ ಕಟ್ಟಿದ ಆಫೀಸುಗಳಲ್ಲಿ ಜಗತ್ತಿನಲ್ಲೇ ಮೊದಲನೆಯದು ಅಂತ ಓರಿಯಲ್ ಚೇಂಬರ್ಸನ್ನು ಹೆಸರಿಸುವುದು ಈ ಅಂಗಳದ ಬದಿಯಿಂದ. ಬೀದಿಯ ಕಡೆಯಷ್ಟೇ ನೋಡಿ ಬಂದವರು ಅರ್ಧ ಕಟ್ಟಡ ನೋಡಿದ ಹಾಗೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ಆ ಕಾಲದವರಿಗೆ ಇದು ಹಿಡಿಸಲಿಲ್ಲ. 1866ರಲ್ಲಿ ದಿ ಬಿಲ್ಡರ್ ಪತ್ರಿಕೆ ಇದನ್ನು ಉಬ್ಬಿದ ಗಾಜಿನ ಗುಳ್ಳೆಗಳ ಗುಂಪು ಅಂತ ಹೀಯಾಳಿಸಿ, ಊರಿನ ಯಾವುದೋ ಸಾದಾ ಇಟ್ಟಿಗೆ ಗೋದಾಮು ಇದಕ್ಕಿಂತ ಎಷ್ಟೋ ಮೇಲು ಅಂತ ಬರೆಯಿತು. ಬರೆದವರ ಮೇಲೆ ನನಗೆ ಕೋಪ ಇಲ್ಲ. ಕಟ್ಟಡ ಅಂದರೆ ಭಾರವಾಗಿ, ಗಟ್ಟಿಯಾಗಿ ನೆಲದ ಮೇಲೆ ಕೂತಿರಬೇಕು, ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತೆ ಅಂತ ಹೊರಗಿನಿಂದಲೇ ಕಾಣಬೇಕು ಅಂತ ಕಲಿತು ಬೆಳೆದವರ ಕಣ್ಣಿಗೆ, ಕಲ್ಲಿನ ಬದಲು ಗಾಜು ತುಂಬಿಕೊಂಡ ಕಟ್ಟಡ ಈಗ ಬೀಳುತ್ತೇನೋ ಅನ್ನಿಸಿರಬಹುದು. ಈ ಟೀಕೆಯಿಂದ ಎಲ್ಲಿಸ್ ಕೆಲಸವೇ ನಿಂತುಹೋಯಿತು ಅಂತ ಒಂದು ಕಥೆ ಬಹಳ ದಿನ ಓಡಾಡಿತು. ಅದು ಪೂರ್ತಿ ನಿಜವಲ್ಲ. ಅದೇ 1866ರಲ್ಲಿ ಅವರು ಹತ್ತಿರದಲ್ಲೇ ಕುಕ್ ಸ್ಟ್ರೀಟ್‌ನ 16ನೇ ನಂಬರಿನ ಕಟ್ಟಡ ಮುಗಿಸಿದರು. ಅದೇ ವರ್ಷ ಒಂದು ಹೊಸ ಬಗೆಯ ಲಿಫ್ಟಿಗೆ ಪೇಟೆಂಟ್ ತೆಗೆದುಕೊಂಡು, 1868ರಲ್ಲಿ ಓರಿಯಲ್ ಚೇಂಬರ್ಸ್‌ನಲ್ಲೇ ಅದನ್ನು ಕೂರಿಸಿದರು. ಬಾಗಿಲಿಲ್ಲದ ಗೂಡುಗಳ ಸರಪಳಿ, ಒಂದು ಕಡೆ ಏರುತ್ತಾ ಇನ್ನೊಂದು ಕಡೆ ಇಳಿಯುತ್ತಾ, ನಿಲ್ಲದೆ ನಿಧಾನವಾಗಿ ಸುತ್ತುತ್ತಿರುತ್ತದೆ. ಜಾತ್ರೆಯ ತೊಟ್ಟಿಲಿನ ಹಾಗೆ. ಗೂಡು ಎದುರಿಗೆ ಬಂದಾಗ ಹತ್ತಬೇಕು, ನಮ್ಮ ಅಂತಸ್ತು ಬಂದಾಗ ಇಳಿಯಬೇಕು. ಪ್ಯಾಟರ್‌ನಾಸ್ಟರ್ ಅಂತ ಹೆಸರಾದ ಈ ಬಗೆಯ ಲಿಫ್ಟು ಮೊದಲು ಓಡಿದ್ದು ಇಲ್ಲೇ.

ಈ ಗಾಜಿನ ವಿಚಾರ ಅಮೆರಿಕಕ್ಕೆ ಹೋಯಿತಾ? ಇಲ್ಲೊಂದು ಕುತೂಹಲದ ಎಳೆ ಇದೆ. 1864ರಲ್ಲಿ ಅಟ್ಲಾಂಟಾ ನಗರ ಯುದ್ಧದಲ್ಲಿ ಬಿದ್ದಾಗ ಅಲ್ಲಿನ ಒಬ್ಬ ತಂದೆ ತನ್ನ 14 ವರ್ಷದ ಮಗನನ್ನು ದಿಗ್ಬಂಧನ ತಪ್ಪಿಸಿ ಹಡಗಿನಲ್ಲಿ ಲಿವರ್‌ಪೂಲ್‌ಗೆ ಕಳಿಸಿದರು. ಆ ಹುಡುಗ ಮರ್ಸಿ ನದಿಯ ಆಚೆ ದಡದಲ್ಲಿ ಶಾಲೆಗೆ ಹೋದ. ಅವನ ಹೆಸರು ಜಾನ್ ವೆಲ್‌ಬಾರ್ನ್ ರೂಟ್. ಮುಂದೆ ಡೇನಿಯಲ್ ಬರ್ನ್‌ಹ್ಯಾಮ್ ಜೊತೆ ಸೇರಿ ಶಿಕಾಗೋದ ದೊಡ್ಡ ಕಟ್ಟಡಗಳನ್ನು ಕಟ್ಟಿದವರು ಇದೇ ರೂಟ್. ಓರಿಯಲ್ ಚೇಂಬರ್ಸ್ ನೋಡಿದೆ ಅಂತ ಅವರು ಬರೆದಿಟ್ಟ ಕಾಗದ ಸಿಕ್ಕಿಲ್ಲ. ಆದರೆ ಅದು ಏಳುತ್ತಿದ್ದ ವರ್ಷವೇ ಹುಡುಗ ಆ ಊರಿಗೆ ಬಂದ. ಶಿಕಾಗೋದಲ್ಲಿ ಅವರ ಸಂಸ್ಥೆ 1888ರಲ್ಲಿ ಮುಗಿಸಿದ ರೂಕರಿ ಕಟ್ಟಡದ ಒಳಅಂಗಳದಲ್ಲಿ ಹೊರಚಾಚಿದ ಸುರುಳಿ ಮೆಟ್ಟಿಲಿದೆ. ಕುಕ್ ಸ್ಟ್ರೀಟ್‌ನ ಎಲ್ಲಿಸ್ ಕಟ್ಟಡದ ಅಂಗಳದಲ್ಲೂ ಕಬ್ಬಿಣ ಗಾಜಿನ ಸುರುಳಿ ಮೆಟ್ಟಿಲಿದೆ. ಎರಡರ ಫೋಟೋ ಪಕ್ಕಪಕ್ಕ ಇಟ್ಟು ನೋಡಿ, ನಿಮಗೇ ಏನನ್ನಿಸುತ್ತೆ ಅಂತ ಹೇಳಿ.

ಎರಡನೇ ಮಹಾಯುದ್ಧದಲ್ಲಿ, 1941ರಲ್ಲಿ, ಜರ್ಮನ್ ಬಾಂಬು ಬಿದ್ದು ಕಟ್ಟಡದ ಒಂದು ಭಾಗ ಹೋಯಿತು. ಒಡೆದ ಜಾಗದಲ್ಲಿ ಒಳಗಿನ ಕಬ್ಬಿಣದ ಅಸ್ಥಿಪಂಜರ ಎಲ್ಲರಿಗೂ ಕಾಣುವ ಹಾಗೆ ತೆರೆದುಕೊಂಡಿತು. ಹಾಳಾದ ಭಾಗದ ಜಾಗದಲ್ಲಿ 1959-61ರಲ್ಲಿ ಜೇಮ್ಸ್ ಅಂಡ್ ಬೈವಾಟರ್ ಅನ್ನುವ ವಾಸ್ತುಶಿಲ್ಪಿಗಳು ಹೊಸದನ್ನು ಕಟ್ಟಿದರು. ಹಳೆಯದರ ನಕಲು ಮಾಡದೆ, ತಮ್ಮ ಕಾಲದ ರೀತಿಯಲ್ಲೇ ಕಟ್ಟಿದ್ದು ಒಳ್ಳೆಯದೇ ಆಯಿತು.

ಇವತ್ತು ಓರಿಯಲ್ ಚೇಂಬರ್ಸ್ ಗ್ರೇಡ್ ಒಂದರ ಪಟ್ಟಿಯಲ್ಲಿದೆ. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳಲ್ಲಿ ಮೂರು ದರ್ಜೆ. ಕೆಳಗಿನದು ಗ್ರೇಡ್ ಎರಡು, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಅದರಲ್ಲೇ ಬರುತ್ತವೆ. ಅದರ ಮೇಲೆ ಗ್ರೇಡ್ ಎರಡು ಸ್ಟಾರ್, ಕುಕ್ ಸ್ಟ್ರೀಟ್ ಕಟ್ಟಡ ಅಲ್ಲಿದೆ. ಎಲ್ಲಕ್ಕಿಂತ ಮೇಲೆ ಗ್ರೇಡ್ ಒಂದು, ಬರೀ ಶೇ. 2.5ರಷ್ಟು. ಅದರಲ್ಲಿ ಬಹಳಷ್ಟು ಚರ್ಚುಗಳು. ಬಾಡಿಗೆ ಆಫೀಸೊಂದು ಆ ಸಾಲಿಗೆ ಸೇರುವುದು ಅಪರೂಪ. ಪಟ್ಟಿಗೆ ಸೇರಿತು ಅಂದರೆ ಮಾಲೀಕರು ಒಪ್ಪಿಗೆ ಇಲ್ಲದೆ ಅದರ ಸ್ವರೂಪ ಬದಲಿಸುವ ಹಾಗಿಲ್ಲ. ಒಳಭಾಗಕ್ಕೂ ಇದು ಅನ್ವಯ. ಲಿವರ್‌ಪೂಲ್‌ಗೆ 2004ರಲ್ಲಿ ಸಿಕ್ಕಿದ್ದ ವಿಶ್ವ ಪರಂಪರೆಯ ಮಾನ್ಯತೆಯನ್ನು ಯುನೆಸ್ಕೋ 2021ರಲ್ಲಿ ಹಿಂತೆಗೆದುಕೊಂಡಿತು. ಆದರೆ ಕಟ್ಟಡಗಳಿಗೆ ಒಂದೊಂದಾಗಿ ಇರುವ ಈ ರಕ್ಷಣೆ ಬೇರೆ, ಅದು ಹಾಗೇ ಇದೆ.

ಔಟರ್ ರಿಂಗ್ ರೋಡಿನ ಮಾತಿಗೆ ಬಂದರೆ ನನಗೆ ಸ್ವಲ್ಪ ಬೇಸರವೇ ಆಗುತ್ತದೆ. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ. ಸೂರ್ಯ ವರ್ಷದಲ್ಲಿ ಎರಡು ಸಲ ನೇರ ನೆತ್ತಿಗೇ ಬರುತ್ತಾನೆ. ಇಲ್ಲಿ ಬೆಳಕಿಗೆ ಬರ ಇಲ್ಲ, ಬೇಕಾದದ್ದು ನೆರಳು. ಎಲ್ಲಿಸ್ ಕೈಯಲ್ಲಿ ಗಾಜು ಹೊರಗಿನ ಬೆಳಕನ್ನು ಮೇಜಿನವರೆಗೆ ತರುವ ಸಾಧನ ಆಗಿತ್ತು. ನಮ್ಮಲ್ಲಿ ಎಷ್ಟೋ ಕಟ್ಟಡಗಳಲ್ಲಿ ಗಾಜಿಗೆ ಕಪ್ಪು ಬಣ್ಣ ಬಳಿಸಿ, ಒಳಗೆ ಪರದೆ ಇಳಿಸಿ, ಹಗಲಲ್ಲೇ ಟ್ಯೂಬ್‌ಲೈಟ್ ಹಾಕಿ, ಒಳಗೆ ಬಂದ ಬಿಸಿಲನ್ನು ಏಸಿಯಿಂದ ಹೊರಗೆ ಹಾಕುತ್ತಾ ಕೂತಿರುತ್ತೇವೆ.

ಬ್ರಿಟನ್ನಿನಲ್ಲಿರುವ ಕನ್ನಡದವರು ಆ ಕಡೆ ಹೋದರೆ, ಬಿಸಿಲಿಗೆ ಕಾಯಬೇಡಿ, ಮೋಡದ ದಿನವೇ ಹೋಗಿ. ಟೌನ್ ಹಾಲ್ ಕಡೆಯಿಂದ ವಾಟರ್ ಸ್ಟ್ರೀಟ್ ಇಳಿಯುತ್ತಾ ಬನ್ನಿ. ಮೊದಲು ಸುತ್ತಲಿನ ಕಟ್ಟಡಗಳ ಕಿಟಕಿ ನೋಡಿ, ಗಾಜು ಗೋಡೆಯೊಳಗೆ ಹುದುಗಿ ಕಪ್ಪಗೆ ಕಾಣುತ್ತದೆ. ಆಮೇಲೆ ಓರಿಯಲ್ ಚೇಂಬರ್ಸ್ ಕಡೆ ತಿರುಗಿ. ಪಕ್ಕದ ಕಾವೆಂಟ್ ಗಾರ್ಡನ್ ಅನ್ನುವ ಸಣ್ಣ ಓಣಿಗೂ ಹೋಗಿ, ಅಲ್ಲಿ ಬೀದಿ ಇನ್ನೂ ಕಿರಿದು. ತಲೆಯೆತ್ತಿದರೆ ಆ ಇಳಿಜಾರು ಗಾಜುಗಳಲ್ಲಿ ಬೂದು ಬಣ್ಣದ ಆಕಾಶ ತುಂಡು ತುಂಡಾಗಿ ಹೊಳೆಯುತ್ತಿರುತ್ತದೆ.